ಮೈದಾನಕ್ಕೆ ಬಿಟ್ಟು ಬಂದರೆ ಮುಗೀತಾ?

ಏಪ್ರಿಲ್ ತಿಂಗಳು ಬಂತೆಂದರೆ ನಮ್ಮ ಬ್ಯಾಡಗಿಯಲ್ಲಿ ಎರಡು ಥರದ ಘಾಟು. ಒಂದು ಮಾರುಕಟ್ಟೆಯ ಮೆಣಸಿನಕಾಯಿಯದು. ಇನ್ನೊಂದು ಪರೀಕ್ಷೆ ಮುಗಿಸಿ ಮನೆಯಲ್ಲಿ ಕೂತ ಮಕ್ಕಳದು! ಟಿವಿ ರಿಮೋಟಿಗೆ ಜಗಳ, ಮೊಬೈಲಿಗೆ ಜಗಳ, ಕೊನೆಗೆ ಫ್ಯಾನಿನ ಕೆಳಗೆ ಯಾರು ಮಲಗಬೇಕು ಅನ್ನೋದಕ್ಕೂ ಜಗಳ. ಅಂಥ ಹೊತ್ತಿನಲ್ಲಿ ಯಾರಾದರೂ ಬಂದು 'ಬೆಳಿಗ್ಗೆ ಎರಡು ತಾಸು ನಿಮ್ಮ ಮಕ್ಕಳನ್ನು ನಮ್ಮ ಹತ್ತಿರ ಬಿಡಿ' ಎಂದರೆ ಯಾವ ತಾಯಿ ತಾನೇ ಬೇಡ ಅಂದಾಳು?

ಹೋದ ವರ್ಷ ನಮ್ಮ ಮನೆಯಲ್ಲೂ ಹಾಗೇ ಆಯಿತು. 11 ವರ್ಷದ ಮಗ ಒಂದು ಕರಪತ್ರ ಹಿಡಿದು ಓಡಿ ಬಂದ. ಬೇಸಿಗೆ ಫುಟ್‌ಬಾಲ್ ಶಿಬಿರ. ಕೊನೆಗೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮಕ್ಕಳ ತಂಡಗಳ ನಡುವೆ ಲೀಗ್ ಪಂದ್ಯಗಳು. "ಮಮ್ಮಿ, ಹೆಸರು ಕೊಡ್ಲಾ?" ಅಂತ ಕುಣಿಯುತ್ತಿದ್ದ. ನಮ್ಮ ಅತ್ತೆಯವರಿಗೆ ಮಾತ್ರ ಸಮಾಧಾನವಿಲ್ಲ. "ಕಾಲು ಮುರ್ಕೊಂಡು ಬಂದ್ರ ಯಾರು ನೋಡ್ಕೋಬೇಕು? ಸುಮ್ನ ಮನ್ಯಾಗ ಕುಂತು ಕೇರಂ ಆಡು" ಎಂದರು. ನಾನು ಮಗನ ಪಕ್ಷ ವಹಿಸಿದೆ. ದಿನವಿಡೀ ಮೊಬೈಲ್ ತಿಕ್ಕುವುದಕ್ಕಿಂತ ಮಣ್ಣಾದರೂ ಮೆತ್ತಿಕೊಳ್ಳಲಿ ಎಂಬುದು ನನ್ನ ವಾದ.

ಸೇರಿಸುವ ದಿನ ತರಬೇತುದಾರರ ಮುಂದೆ ನಾನು ಆಡಿದ ಮಾತು ಈಗಲೂ ನೆನಪಿದೆ. "ಸರ್, ನಿಮ್ಮ ಕೈಗೆ ಒಪ್ಪಿಸೇವ್ರಿ. ಇನ್ನ ನಿಮ್ಮ ಹುಡುಗ ಅಂತ ತಿಳ್ಕೊಳ್ರಿ. ಮಾತು ಕೇಳಲಿಲ್ಲ ಅಂದ್ರ ನಾಲ್ಕು ಬಿಗೀರಿ." ನಮ್ಮ ಕಡೆ ಎಲ್ಲ ತಾಯಂದಿರೂ ಹೇಳುವ ಮಾತೇ ಇದು. ಶಾಲೆಗೆ ಸೇರಿಸುವಾಗಲೂ, ಟ್ಯೂಷನ್‌ಗೆ ಕಳಿಸುವಾಗಲೂ ಹೀಗೇ ಅನ್ನುತ್ತೇವೆ. ಗುರುವಿನ ಮೇಲಿನ ನಂಬಿಕೆ ತಪ್ಪಲ್ಲ. ಆದರೆ 'ಒಪ್ಪಿಸಿದೆ' ಅಂದ ತಕ್ಷಣ ನಮ್ಮ ಜವಾಬ್ದಾರಿಯೂ ಕೈಬಿಟ್ಟು ಹೋಯಿತು ಎಂದುಕೊಳ್ಳುತ್ತೇವಲ್ಲ, ತೊಂದರೆ ಶುರುವಾಗುವುದೇ ಅಲ್ಲಿ.

ರಾಣೆಬೆನ್ನೂರಿನಲ್ಲಿ ನಡೆದ ಕೊನೆಯ ಪಂದ್ಯಕ್ಕೆ ನಾನೂ ಹೋಗಿದ್ದೆ. ಎರಡೂ ತಂಡ 1-1. ಮುಗಿಯಲು ಇನ್ನು ಹತ್ತು ನಿಮಿಷ. ಮೇಲೆ ಬಂದ ಚೆಂಡಿಗೆ ಇಬ್ಬರು ಹುಡುಗರು ಒಟ್ಟಿಗೆ ಜಿಗಿದರು. ಟಕ್ ಅಂತ ತಲೆಗೆ ತಲೆ ಬಡಿಯಿತು. ನನ್ನ ಮಗ ನೆಲಕ್ಕೆ ಬಿದ್ದ. ಯಾರೋ ಓಡಿ ಹೋಗಿ ಮುಖಕ್ಕೆ ನೀರು ಚಿಮುಕಿಸಿದರು. "ಏನೂ ಆಗಿಲ್ಲ, ಹುಡುಗ ಗಟ್ಟಿ ಅದಾನ" ಎಂದರು. ನಾನೇನು ಮಾಡಿದೆ ಗೊತ್ತಾ? ಗೆರೆಯಾಚೆ ನಿಂತು "ಏಳು ಏಳು, ಇನ್ನ ಹತ್ತ ನಿಮಿಷ ಐತಿ" ಅಂತ ಕೂಗಿದೆ. ಅವನು ಎದ್ದು ಆಡಿದ.

ಸಂಜೆ ಬಸ್ಸಿನಲ್ಲಿ "ಮಮ್ಮಿ, ಮ್ಯಾಚ್ ಯಾರು ಗೆದ್ರು?" ಅಂತ ಕೇಳಿದ. ಹೇಳಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಪ್ರಶ್ನೆ. ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಮೂರನೇ ಸಲ ಕೇಳಿದಾಗ ನನ್ನ ಎದೆ ಝಲ್ಲೆಂದಿತು. ಮೋಟೆಬೆನ್ನೂರು ಬರುವಷ್ಟರಲ್ಲಿ ವಾಂತಿ ಮಾಡಿಕೊಂಡ. ಅಲ್ಲೇ ಇಳಿದು, ಊರಿನ ದಾರಿ ಬಿಟ್ಟು, ಸಿಕ್ಕ ಗಾಡಿ ಹಿಡಿದು ಹಾವೇರಿಯ ಆಸ್ಪತ್ರೆಗೆ ಓಡಿದೆ. ಸ್ಕ್ಯಾನ್ ಮಾಡಿಸಿ ರಾತ್ರಿಯಿಡೀ ಇರಿಸಿಕೊಂಡರು. ದೇವರ ದಯೆ, ಒಳಗೆ ರಕ್ತಸ್ರಾವ ಆಗಿರಲಿಲ್ಲ. ಮಿದುಳಿಗೆ ಅಲುಗಾಟದ ಪೆಟ್ಟು ಅಷ್ಟೇ ಎಂದರು. ಆದರೆ ಡಾಕ್ಟರ್ ಕೇಳಿದ ಒಂದು ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. "ಪೆಟ್ಟು ಬಿದ್ದ ಮೇಲೂ ಆಡಿದನಾ? ಯಾರು ಆಡಿಸಿದ್ರು?"

ಆ ಪ್ರಶ್ನೆಯೇ ಈ ಲೇಖನ ಬರೆಸಿದೆ. ಮಕ್ಕಳನ್ನು ಆಟಕ್ಕೆ ಕಳಿಸಬೇಡಿ ಎಂದು ಹೇಳಲು ಅಲ್ಲ. ಕಳಿಸಿ, ಖಂಡಿತ ಕಳಿಸಿ. ಕಳಿಸುವ ಮುನ್ನ ನಾನು ಕೇಳದೆ ಬಿಟ್ಟ ಪ್ರಶ್ನೆಗಳನ್ನು ನೀವಾದರೂ ಕೇಳಿ.

ಮೊದಲು ಲೆಕ್ಕ ತಿಳಿದುಕೊಳ್ಳಿ

ಫುಟ್‌ಬಾಲ್ ಎಂದರೆ ಬಂಗಾಳ, ಗೋವಾ, ಕೇರಳದವರ ಆಟ ಅಂತ ನಮ್ಮಲ್ಲಿ ಅನೇಕರ ಭಾವನೆ. ಆದರೆ ರಾಜ್ಯ ತಂಡಗಳ ಸಂತೋಷ್ ಟ್ರೋಫಿಯನ್ನು ನಮ್ಮವರು ಮೈಸೂರು ಎಂಬ ಹೆಸರಿನಲ್ಲಿದ್ದಾಗಲೇ ನಾಲ್ಕು ಸಲ ಗೆದ್ದಿದ್ದರು. ಆಮೇಲೆ 54 ವರ್ಷ ಕಾದು, 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಮತ್ತೆ ಆ ಟ್ರೋಫಿ ತಂದಿತು. ಬೆಂಗಳೂರಿನಲ್ಲಿ ವಯಸ್ಸಿಗೆ ತಕ್ಕಂತೆ ಲೀಗ್‌ಗಳಿವೆ, ಖಾಸಗಿ ಅಕಾಡೆಮಿಗಳಿವೆ. ನಮ್ಮ ಹಾವೇರಿ ಜಿಲ್ಲೆಯಂಥ ಕಡೆ ಕಬಡ್ಡಿ, ಕೊಕ್ಕೊ, ವಾಲಿಬಾಲ್, ಕ್ರಿಕೆಟ್‌ಗಳದೇ ಜೋರು. ಫುಟ್‌ಬಾಲ್ ಈಗೀಗ ಶಿಬಿರಗಳ ಮೂಲಕ ಬರುತ್ತಿದೆ.

ಇಲ್ಲಿಯ ಮಕ್ಕಳಿಗೆ ಮೇಲೆ ಹೋಗುವ ದಾರಿ ಮುಖ್ಯವಾಗಿ ಶಾಲಾ ಕ್ರೀಡಾಕೂಟಗಳೇ. ತಾಲ್ಲೂಕು, ಜಿಲ್ಲೆ, ಬೆಳಗಾವಿ ವಿಭಾಗ, ಆಮೇಲೆ ರಾಜ್ಯ ಮಟ್ಟ. 14 ಮತ್ತು 17 ವರ್ಷದೊಳಗಿನವರು ಎಂದು ಗುಂಪು ಮಾಡುತ್ತಾರೆ. 17 ವರ್ಷದೊಳಗಿನ ಶಾಲಾ ತಂಡಗಳಿಗೆ ಸುಬ್ರೊತೋ ಕಪ್ ಎಂಬ ದೇಶಮಟ್ಟದ ಪಂದ್ಯಾವಳಿಯೂ ಇದೆ, 1960ರಿಂದ ನಡೆಯುತ್ತಿದೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ವಸತಿ ನಿಲಯಗಳಿಗೆ ಆಯ್ಕೆ ನಡೆಯುತ್ತದೆ. ಅದರ ವಿವರ ಜಿಲ್ಲಾ ಕೇಂದ್ರದ ಇಲಾಖೆ ಕಚೇರಿಯಲ್ಲಿ ಕೇಳಿದರೆ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ.

ಇದನ್ನೇಕೆ ಹೇಳಿದೆ ಅಂದರೆ, 'ನಿಮ್ಮ ಮಗನಲ್ಲಿ ಟ್ಯಾಲೆಂಟ್ ಇದೆ, ಇಷ್ಟು ಹಣ ಕಟ್ಟಿ, ದೊಡ್ಡ ಕ್ಲಬ್ಬಿಗೆ ಆಯ್ಕೆ ಮಾಡಿಸ್ತೀವಿ' ಎನ್ನುವವರೂ ಇರುತ್ತಾರೆ. ಅಂಥ ಮಾತು ಕಿವಿಗೆ ಬಿದ್ದರೆ ಪರ್ಸ್ ಮುಚ್ಚಿಡಿ. ಆ ಆಯ್ಕೆ ನಿಜವೋ ಅಲ್ಲವೋ ಅಂತ ಕ್ರೀಡಾ ಇಲಾಖೆಯಲ್ಲೋ, ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯಲ್ಲೋ ವಿಚಾರಿಸಿ. ಕಟ್ಟಿದ ಶುಲ್ಕಕ್ಕೆ ರಸೀದಿ ಕೇಳಿ. ಜೆರ್ಸಿ, ಬೂಟು, ಊರೂರು ತಿರುಗುವ ಬಸ್ ಖರ್ಚು ಎಲ್ಲ ಸೇರಿ ಎಷ್ಟಾಗುತ್ತದೆ ಎಂಬುದನ್ನು ಮೊದಲ ದಿನವೇ ಕೇಳಿಕೊಂಡರೆ ನಡುವೆ ಮುಜುಗರ ಇರುವುದಿಲ್ಲ.

ಮಗುವಿಗೆ ಇಷ್ಟವಿದೆಯಾ?

ಪಕ್ಕದ ಮನೆ ಹುಡುಗ ಹೋಗುತ್ತಾನೆ ಅಂತ ನಮ್ಮವನನ್ನೂ ತಳ್ಳುವುದು ಬೇಡ. ಒಂದು ವಾರ ಸುಮ್ಮನೆ ನೋಡಲು, ಆಡಲು ಬಿಡಿ. ಆಮೇಲೆ ಕೇಳಿ. ಹತ್ತು ವರ್ಷದ ಮಗುವಿಗೆ ಒಂದೇ ಆಟ ಕಟ್ಟಿಹಾಕುವ ಅವಸರವೂ ಬೇಡ. ಅಮೆರಿಕದ ಮಕ್ಕಳ ತಜ್ಞರ ಸಂಘ 2016ರಲ್ಲಿ ನೀಡಿದ ಸಲಹೆಯ ಪ್ರಕಾರ ಒಂದೇ ಆಟಕ್ಕೆ ಪೂರ್ತಿ ತೊಡಗುವುದನ್ನು 15-16ರ ವಯಸ್ಸಿನವರೆಗೆ ಮುಂದೂಡುವುದು ಒಳ್ಳೆಯದು. ವಾರಕ್ಕೆ ಒಂದೆರಡು ದಿನವಾದರೂ ಬಿಡುವು ಇರಬೇಕು. ಅಷ್ಟೇ ಅಲ್ಲ, ವರ್ಷದಲ್ಲಿ ಎರಡು ಮೂರು ತಿಂಗಳು ಆ ಆಟದಿಂದ ದೂರ ಇದ್ದರೂ ನಷ್ಟವಿಲ್ಲ ಅನ್ನುತ್ತಾರೆ. ಉಳಿದ ದಿನ ಕೊಕ್ಕೊ ಆಡಲಿ, ಕೆರೆ ಏರಿ ಮೇಲೆ ಸೈಕಲ್ ಹೊಡೆಯಲಿ. ಬೇರೆ ಬೇರೆ ಆಟ ಆಡಿದ ಮೈಗೆ ಪೆಟ್ಟು ಕಡಿಮೆ, ಮನಸ್ಸಿಗೆ ಬೇಸರವೂ ಕಡಿಮೆ.

ಚಿಕ್ಕವರಿಗೆ ಚಿಕ್ಕ ಆಟವೇ ಇರಬೇಕು. ಎಂಟು ವರ್ಷದವರೆಗೆ 3ನೇ ನಂಬರಿನ ಚೆಂಡು, 12ರವರೆಗೆ 4ನೇ ನಂಬರು, ಅದರ ಮೇಲಿನವರಿಗೆ ದೊಡ್ಡವರ 5ನೇ ನಂಬರು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2018ರಲ್ಲಿ 'ಗೋಲ್ಡನ್ ಬೇಬಿ ಲೀಗ್' ಶುರು ಮಾಡಿದಾಗ ಅದರ ಉದ್ದೇಶವೇ ಇದಾಗಿತ್ತು. ಸಣ್ಣ ಮೈದಾನ, ಕಡಿಮೆ ಆಟಗಾರರು, ಎಲ್ಲರಿಗೂ ಆಡುವ ಅವಕಾಶ. ನಿಮ್ಮ ಮಗು ಹೋಗುವ ಕಡೆ ಹತ್ತು ವರ್ಷದ ಪೋರರನ್ನು ದೊಡ್ಡ ಮೈದಾನದಲ್ಲಿ 11 ಜನರ ಆಟಕ್ಕೆ ಬಿಟ್ಟು, ನಾಲ್ವರು ಮಾತ್ರ ಚೆಂಡು ಮುಟ್ಟಿ ಉಳಿದವರು ಬಿಸಿಲಲ್ಲಿ ನಿಂತಿದ್ದರೆ, ಅಲ್ಲಿ ಕಲಿಯುವುದು ಏನೂ ಇಲ್ಲ.

ಕೋಚ್ ಹತ್ತಿರ ಕೇಳಲು ಸಂಕೋಚ ಯಾಕೆ?

ಸೀರೆ ಅಂಗಡಿಯಲ್ಲಿ ಹತ್ತು ಸಲ ಬಣ್ಣ ಹೋಗುತ್ತಾ ಅಂತ ಕೇಳುವ ನಾವು, ಮಗುವನ್ನು ಒಪ್ಪಿಸುವಾಗ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಈ ಕೆಲವನ್ನು ಕೇಳಿಯೇ ಬಿಡಿ.

* ತರಬೇತಿ ಎಲ್ಲಿ ಪಡೆದಿದ್ದಾರೆ? ಪಟಿಯಾಲಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಡಿಪ್ಲೊಮಾ, ಫುಟ್‌ಬಾಲ್ ಫೆಡರೇಷನ್ನಿನ ಕೋಚಿಂಗ್ ಲೈಸೆನ್ಸ್, ದೈಹಿಕ ಶಿಕ್ಷಣದ ಪದವಿ, ಇವುಗಳಲ್ಲಿ ಏನಾದರೂ ಇದೆಯೇ? ಇಲ್ಲದಿದ್ದರೆ ಎಷ್ಟು ವರ್ಷದ ಅನುಭವ?
* ಒಬ್ಬರ ಕೈಯಲ್ಲಿ ಎಷ್ಟು ಮಕ್ಕಳು? ಪ್ರಥಮ ಚಿಕಿತ್ಸೆ ಗೊತ್ತಿರುವವರು ಮೈದಾನದಲ್ಲಿ ಯಾರಿರುತ್ತಾರೆ? ಪೆಟ್ಟಾದರೆ ಯಾವ ಆಸ್ಪತ್ರೆ, ಯಾವ ಗಾಡಿ?
* ಬೇರೆ ಊರಿಗೆ ಹೋದಾಗ ಜೊತೆಗೆ ಯಾರು? ರಾತ್ರಿ ಉಳಿಯುವುದಾದರೆ ಎಲ್ಲಿ? ಹೆಣ್ಣುಮಕ್ಕಳಿದ್ದರೆ ಜೊತೆಗೆ ಮಹಿಳೆ ಇರುತ್ತಾರಾ?
* ತಪ್ಪು ಮಾಡಿದರೆ ಹೊಡೆಯುತ್ತಾರಾ? 'ನಾಲ್ಕು ಬಿಗೀರಿ' ಎಂದು ಹೇಳಿಬಂದ ನಾನು ಈಗ ಆ ಮಾತು ವಾಪಸು ತೆಗೆದುಕೊಂಡಿದ್ದೇನೆ.

ಇನ್ನೊಂದು ಮಾತು. ಬರೆಯಲು ಕಷ್ಟವಾದರೂ ಬರೆಯಲೇಬೇಕು. ಯಾವ ಹಿರಿಯರೂ ಒಂಟಿ ಮಗುವಿನೊಂದಿಗೆ ಬಾಗಿಲು ಹಾಕಿದ ಕೋಣೆಯಲ್ಲಿ ಇರಬಾರದು. ಮಸಾಜ್ ನೆಪ, ಬಟ್ಟೆ ಬದಲಿಸುವ ನೆಪ, ರಾತ್ರಿ ಹೊತ್ತು ಮಗುವಿಗೇ ನೇರವಾಗಿ ಬರುವ ಮೆಸೇಜು, 'ಮನೇಲಿ ಹೇಳಬೇಡ' ಎಂಬ ಮಾತು, ಇವು ಎಚ್ಚರಿಕೆಯ ಗಂಟೆ. ಚೆನ್ನಾಗಿದ್ದ ಮಗು ಇದ್ದಕ್ಕಿದ್ದಂತೆ ಮೈದಾನ ಬೇಡ ಎಂದರೆ ಸೋಮಾರಿ ಎಂದು ಬೈಯುವ ಮುಂಚೆ ಹತ್ತಿರ ಕೂರಿಸಿಕೊಂಡು ಮಾತಾಡಿಸಿ. ಗಂಡುಮಕ್ಕಳಿಗೆ ಈ ಭಯವಿಲ್ಲ ಎಂದುಕೊಳ್ಳಬೇಡಿ. 2012ರ ಪೋಕ್ಸೊ ಕಾಯ್ದೆ ಗಂಡು, ಹೆಣ್ಣು ಎರಡೂ ಮಕ್ಕಳಿಗೆ ರಕ್ಷಣೆ ಕೊಡುತ್ತದೆ. ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು ಎಂದೂ ಆ ಕಾಯ್ದೆ ಹೇಳುತ್ತದೆ. ಮಕ್ಕಳ ಸಹಾಯವಾಣಿ 1098 ಅಂತ ಮಗುವಿಗೆ ಬಾಯಿಪಾಠ ಮಾಡಿಸಿ. ಒಳ್ಳೆಯ ಕೋಚ್ ಯಾರೂ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಒಂದು ವರ್ಷ ಕಡಿಮೆ ಮಾಡಿದರೆ?

ನನ್ನ ಗೆಳತಿಯೊಬ್ಬಳಿಗೆ ಯಾರೋ ಸಲಹೆ ಕೊಟ್ಟರಂತೆ. "ಅಕ್ಕಾರ, ಹುಡುಗಗ 14 ತುಂಬೈತಿ. ಹುಟ್ಟಿದ ತಾರೀಖು ಒಂದು ವರ್ಷ ಮುಂದ ಹಾಕಿಸಿಬಿಟ್ರ ಸಣ್ಣವರ ಗುಂಪಿನ್ಯಾಗ ಹೀರೋ ಆಗ್ತಾನ್ರಿ." ಕೇಳಲು ಸಣ್ಣ ವಿಷಯ. ಮಾಡಿದರೆ ದೊಡ್ಡ ಹೊರೆ.

ಕೇಂದ್ರ ಕ್ರೀಡಾ ಸಚಿವಾಲಯ 2010ರಲ್ಲೇ ವಯಸ್ಸಿನ ವಂಚನೆ ತಡೆಯಲು ನಿಯಮ ಮಾಡಿದೆ. ಮೇಲಿನ ಹಂತಗಳಲ್ಲಿ ಎಡಗೈ ಮತ್ತು ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆ ಎಷ್ಟು ಬಲಿತಿದೆ ಎಂದು ನೋಡುತ್ತಾರೆ. ಕಾಗದ ಏನೇ ಹೇಳಲಿ, ಮೂಳೆ ನಿಜ ಹೇಳುತ್ತದೆ. ಸಿಕ್ಕಿಬಿದ್ದರೆ ಆಟ ಹೋಗುತ್ತದೆ, ಮರ್ಯಾದೆಯೂ ಹೋಗುತ್ತದೆ. ಸಿಕ್ಕಿಬೀಳದಿದ್ದರೂ ಶಾಲೆ, ಆಧಾರ್, ಅಂಕಪಟ್ಟಿ ಒಂದಕ್ಕೊಂದು ತಾಳೆಯಾಗದೆ ಮುಂದೆ ನೌಕರಿ, ಪಾಸ್‌ಪೋರ್ಟ್ ಅಂತ ಅಲೆದಾಟ ತಪ್ಪದು. ಅದಕ್ಕಿಂತ ಮುಖ್ಯವಾಗಿ, 15ರ ಹುಡುಗ 13ರ ಹುಡುಗನಿಗೆ ಡಿಕ್ಕಿ ಹೊಡೆದರೆ ಪೆಟ್ಟು ಯಾರಿಗೆ? ನಿಮ್ಮ ಮಗುವಿನ ಎದುರು ಹಾಗೆ ಯಾರೋ ನಿಂತಿದ್ದರೆ ಸುಮ್ಮನಿರುತ್ತೀರಾ? ಗೆಳತಿ ಒಪ್ಪಲಿಲ್ಲ. ಅವಳ ಮಗ ಆ ವರ್ಷ ಆಯ್ಕೆಯಾಗಲಿಲ್ಲ. ಆದರೆ 'ಸುಳ್ಳು ಹೇಳಬೇಡ' ಅಂತ ಮಗನಿಗೆ ಹೇಳುವ ಹಕ್ಕನ್ನು ಅವಳು ಉಳಿಸಿಕೊಂಡಳು.

ಬೂಟು, ಗೋಲುಕಂಬ, ಬಿಸಿಲು

ಮುಂದಿನ ವರ್ಷಕ್ಕೂ ಬರಲಿ ಅಂತ ಎರಡು ನಂಬರ್ ದೊಡ್ಡ ಬೂಟು ಕೊಡಿಸುವುದು ನಮ್ಮೆಲ್ಲರ ಚಾಳಿ. ಫುಟ್‌ಬಾಲಿಗೆ ಅದು ನಡೆಯದು. ಕಾಲು ಒಳಗೇ ಜಾರಿ ಉಳುಕುತ್ತದೆ. ನಮ್ಮ ಕಡೆ ನೆಲ ಬೇಸಿಗೆಯಲ್ಲಿ ಕಲ್ಲಿನಂತೆ ಗಟ್ಟಿ. ಉದ್ದ ಮುಳ್ಳಿನ ಬೂಟು ಬೇಡ, ಗಿಡ್ಡ ರಬ್ಬರ್ ಮುಳ್ಳಿನದು ಸಾಕು. ಮೊಣಕಾಲ ಕೆಳಗಿನ ಮೂಳೆಗೆ ಶಿನ್ ಗಾರ್ಡ್ ಕಡ್ಡಾಯ, ಆಟದ ನಿಯಮದಲ್ಲೇ ಇದೆ. ಇನ್ನು ಗೋಲುಕಂಬ. ಎತ್ತಿಟ್ಟು ಒಯ್ಯುವಂಥದ್ದಾದರೆ ನೆಲಕ್ಕೆ ಬಿಗಿದಿದ್ದಾರಾ ನೋಡಿ. ಮಕ್ಕಳು ಅದಕ್ಕೆ ಜೋತುಬೀಳುತ್ತಾರೆ, ಮಗುಚಿದರೆ ಪ್ರಾಣಕ್ಕೇ ಅಪಾಯ.

ಏಪ್ರಿಲ್-ಮೇ ಬಿಸಿಲಿನಲ್ಲಿ ಅಭ್ಯಾಸ ಬೆಳಿಗ್ಗೆ ಎಂಟೂವರೆಯೊಳಗೆ ಮುಗಿಯಬೇಕು. ಬಾಯಾರಿಕೆ ಆಗುವ ತನಕ ಕಾಯದೆ 15-20 ನಿಮಿಷಕ್ಕೊಮ್ಮೆ ನಾಲ್ಕು ಗುಟುಕು ನೀರು ಕುಡಿಯಲಿ. ಬಣ್ಣದ ಬಾಟಲಿ ಪಾನೀಯದ ಹಂಗು ಬೇಡ. ಮಜ್ಜಿಗೆ, ನಿಂಬೆಹಣ್ಣಿನ ಪಾನಕ ಸಾಕು. ಬೆವರು ಹೆಚ್ಚಾದರೆ ಓಆರ್‌ಎಸ್ ಕೊಡಿ. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಮಟ್ಟಸ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ. ಮಗು ತಲೆಸುತ್ತು ಅಂದರೆ, ಏನೇನೋ ಮಾತಾಡಿದರೆ, ಮೈ ಕಾದಿದ್ದರೆ ನೆರಳಿಗೆ ಒಯ್ದು ಮೈಮೇಲೆ ನೀರು ಹಾಕುತ್ತ ಆಸ್ಪತ್ರೆಗೆ ಹೊರಡಿ.

ಊಟಕ್ಕೆ ವಿಶೇಷ ಪೌಡರ್ ಡಬ್ಬಿ ಬೇಕಿಲ್ಲ. ಹೋಗುವ ಮುಂಚೆ ಒಂದು ಬಾಳೆಹಣ್ಣು, ಬಂದ ಮೇಲೆ ರೊಟ್ಟಿ, ಮೊಳಕೆ ಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು. ತಿನ್ನುವವರಿಗೆ ಮೊಟ್ಟೆ. ನಮ್ಮ ಅಡುಗೆ ಮನೆಯಲ್ಲಿ ಇರುವುದೇ ಸಾಕು.

ಪೆಟ್ಟು ಬಿದ್ದಾಗ

ತಲೆಗೆ ಪೆಟ್ಟು ಬಿದ್ದರೆ ಆ ದಿನದ ಆಟ ಮುಗಿಯಿತು. ಫೈನಲ್ ಇರಲಿ, ಏನೇ ಇರಲಿ. ಎಚ್ಚರ ತಪ್ಪದಿದ್ದರೂ ಮಿದುಳಿಗೆ ಪೆಟ್ಟಾಗಿರಬಹುದು ಎಂಬುದನ್ನು ನಾನು ತಡವಾಗಿ ಕಲಿತೆ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ತಲೆನೋವು, ಮಂಪರು, ವಾಂತಿ, ಕಣ್ಣು ಮಂಜಾಗುವುದು, ತೂರಾಡುವುದು, ಇವುಗಳಲ್ಲಿ ಯಾವುದು ಕಂಡರೂ ಡಾಕ್ಟರ ಹತ್ತಿರ ಹೋಗಿ. ಪದೇ ಪದೇ ವಾಂತಿ, ಫಿಟ್ಸ್, ಎಬ್ಬಿಸಿದರೂ ಏಳದಿರುವುದು ಇದ್ದರೆ ಒಂದು ಕ್ಷಣವೂ ತಡ ಬೇಡ. ಮೊದಲ ಪೆಟ್ಟು ಮಾಯುವ ಮುನ್ನ ಎರಡನೆಯದು ಬಿದ್ದರೆ ಅಪಾಯ ಬಹಳ ಹೆಚ್ಚು. ನನ್ನ ಮಗನಿಗೆ ಮೂರು ವಾರ ಪಂದ್ಯ ಬೇಡ ಎಂದಿದ್ದರು. ಮೊದಲು ಓದು ಬರಹ, ಆಮೇಲೆ ನಡಿಗೆ, ಆಮೇಲೆ ಓಟ, ಕೊನೆಗೆ ಚೆಂಡು.

ಚಿಕ್ಕ ಮಕ್ಕಳು ತಲೆಯಿಂದ ಚೆಂಡು ಹೊಡೆಯುವುದನ್ನೇ ಹಲವು ದೇಶಗಳು ಬೇಡ ಎಂದಿವೆ. ಅಮೆರಿಕದ ಫುಟ್‌ಬಾಲ್ ಸಂಸ್ಥೆ 2015ರಲ್ಲಿ 10 ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ನಿಷೇಧಿಸಿತು. 2020ರಲ್ಲಿ ಇಂಗ್ಲೆಂಡ್ ಪ್ರಾಥಮಿಕ ಶಾಲೆ ಮಕ್ಕಳ ಅಭ್ಯಾಸದಿಂದ ಅದನ್ನು ತೆಗೆಯಿತು. ನಮ್ಮೂರ ಕೋಚ್‌ಗಳಿಗೂ ನಾವು ಇದನ್ನು ಹೇಳಬಹುದು.

ಕಾಲು ಉಳುಕಿದರೆ ನಮ್ಮಲ್ಲಿ ತಕ್ಷಣ ಎಣ್ಣೆ ತಿಕ್ಕುವುದು, ಉಳುಕು ತೆಗೆಯುವವರ ಹತ್ತಿರ ಎಳೆಸುವುದು ರೂಢಿ. ಬೆಳೆಯುವ ಮಕ್ಕಳ ಮೂಳೆಯ ತುದಿಯಲ್ಲಿ ಬೆಳವಣಿಗೆಯ ಭಾಗ ಮೆತ್ತಗಿರುತ್ತದೆ. ಹೊರಗೆ ಉಳುಕಿನಂತೆ ಕಂಡರೂ ಒಳಗೆ ಅಲ್ಲಿ ಬಿರುಕು ಬಿಟ್ಟಿರಬಹುದು. ಎಳೆದರೆ ಜೀವನವಿಡೀ ಕಾಲು ಸೊಟ್ಟ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15-20 ನಿಮಿಷ ಇಡಿ, ಕಾಲು ಎತ್ತರದಲ್ಲಿಡಿ, ಬಾವು ಇದ್ದರೆ, ಕಾಲೂರಲು ಆಗದಿದ್ದರೆ ಎಕ್ಸ್‌ರೇ ತೆಗೆಸಿ. ಹಾಲುಹಲ್ಲು ಅಲ್ಲದ ಹಲ್ಲು ಪೂರ್ತಿ ಕಿತ್ತು ಬಂದರೆ ಬೇರು ಮುಟ್ಟದೆ ಎತ್ತಿ, ಹಾಲಿನಲ್ಲಿ ಹಾಕಿಕೊಂಡು ಒಂದು ತಾಸಿನೊಳಗೆ ದಂತವೈದ್ಯರ ಬಳಿ ಹೋಗಿ. ಬೇಗ ಹೋದಷ್ಟೂ ಉಳಿಯುವ ಸಾಧ್ಯತೆ ಹೆಚ್ಚು.

ಪೆಟ್ಟು ಬೀಳದಂತೆಯೂ ನೋಡಿಕೊಳ್ಳಬಹುದು. ಯುರೋಪಿನ ನಾಲ್ಕು ದೇಶಗಳ 7ರಿಂದ 13 ವರ್ಷದ ಆಟಗಾರರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಟದ ಮುಂಚೆ ಜಿಗಿತ, ಒಂಟಿಕಾಲ ಸಮತೋಲನ, ಬೀಳುವ ಬಗೆ ಮುಂತಾದ ಕ್ರಮಬದ್ಧ ವ್ಯಾಯಾಮ ಮಾಡಿಸಿದ ತಂಡಗಳಲ್ಲಿ ಪೆಟ್ಟು ಸುಮಾರು ಅರ್ಧದಷ್ಟು ಇಳಿದಿತ್ತು. ಬಂದ ಕೂಡಲೇ ಚೆಂಡು ಕೊಟ್ಟು ಬಿಡುವ ಕಡೆಗಿಂತ, ಹದಿನೈದು ನಿಮಿಷ ಮೈ ಸಡಿಲ ಮಾಡಿಸುವ ಕಡೆ ಸೇರಿಸಿ.

ಮಗಳನ್ನೂ ಕಳಿಸಿ

ದೀಪಾವಳಿ ಮುಗಿದ ಮೇಲೆ ಕೊಬ್ಬರಿ ಹೋರಿ ಓಡಿಸುವಾಗ ಗಂಡುಮಕ್ಕಳು ಅಪಾಯದ ನಡುವೆ ನುಗ್ಗಿದರೂ ಸಿಳ್ಳೆ ಹೊಡೆಯುವ ಊರುಗಳು ನಮ್ಮವು. ಅದೇ ಊರಿನಲ್ಲಿ ಹುಡುಗಿ ಚೆಂಡಿನ ಹಿಂದೆ ಓಡಿದರೆ "ಕಪ್ಪಾಗ್ತಾಳ, ಕೈಕಾಲು ಮುರ್ಕೊಂಡ್ರ ಯಾರು ಮದುವಿ ಆಗ್ತಾರ" ಅನ್ನುತ್ತೇವೆ. 2022ರ ಅಕ್ಟೋಬರಿನಲ್ಲಿ 17 ವರ್ಷದೊಳಗಿನ ಹುಡುಗಿಯರ ವಿಶ್ವಕಪ್ ಫುಟ್‌ಬಾಲ್ ನಮ್ಮ ದೇಶದಲ್ಲೇ ನಡೆಯಿತು, ನಮ್ಮ ಹುಡುಗಿಯರೂ ಆಡಿದರು.

ಮುಟ್ಟಿನ ದಿನಗಳಲ್ಲಿ ಆಡಬಾರದೆಂಬ ನಿಯಮವಿಲ್ಲ. ನೋವಿದ್ದರೆ ಬಿಡುವು ತೆಗೆದುಕೊಳ್ಳಲಿ, ಇಲ್ಲದಿದ್ದರೆ ಆಡಲಿ. ಆದರೆ ರಕ್ತಹೀನತೆಯ ಕಡೆ ಗಮನ ಇರಲಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15-19 ವರ್ಷದ ಹುಡುಗಿಯರಲ್ಲಿ ಶೇ 59 ಮಂದಿಗೆ ರಕ್ತಹೀನತೆ ಇತ್ತು. ಬೇಗ ದಣಿಯುವ ಹುಡುಗಿಯನ್ನು 'ನಿನ್ನಿಂದ ಆಗಲ್ಲ ಬಿಡು' ಎನ್ನುವ ಮುನ್ನ ರಕ್ತ ಪರೀಕ್ಷೆ ಮಾಡಿಸಿ. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆ ಎಸೆಯದೆ ನುಂಗಲಿ. ಇನ್ನೊಂದು, ಮೈದಾನದಲ್ಲಿ ಶೌಚಾಲಯ ಇದೆಯಾ ಅಂತ ಹೋಗಿ ಕಣ್ಣಾರೆ ನೋಡಿ. ಇಲ್ಲದಿದ್ದರೆ ಹುಡುಗಿಯರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಬಿಸಿಲಲ್ಲಿ ಅದರಂಥ ಅಪಾಯ ಇನ್ನೊಂದಿಲ್ಲ.

ಗೆರೆಯ ಈಚೆ ನಿಂತ ನಾವು

ಈಗ ನನ್ನ ತಪ್ಪಿಗೆ ಬರುತ್ತೇನೆ. ಆ ದಿನ ಕೋಚ್ ಆಡಿಸಿದರು ಎಂದು ದೂರುವುದು ಸುಲಭ. ಆದರೆ 'ಏಳು' ಅಂತ ಕೂಗಿದ್ದು ನಾನೇ. ಮಗನಿಗೆ ಕೇಳಿಸಿದ್ದು ಕೋಚ್ ಮಾತಲ್ಲ, ಅಮ್ಮನ ದನಿ. ಬಿದ್ದ ಮಗು ಮೊದಲು ನೋಡುವುದು ನಮ್ಮ ಮುಖವನ್ನು. ಆ ಮುಖದಲ್ಲಿ ಸ್ಕೋರ್ ಕಂಡರೆ ಅದು ನೋವು ನುಂಗಿ ಎದ್ದು ನಿಲ್ಲುತ್ತದೆ.

ಸೋತು ಬಂದ ದಿನ ಬಸ್ಸಿನಲ್ಲೇ 'ಯಾಕೆ ಗೋಲು ಬಿಟ್ಟೆ' ಎಂಬ ವಿಚಾರಣೆ ಬೇಡ. ಪಕ್ಕದವರ ಮಗನೊಂದಿಗೆ ಹೋಲಿಕೆಯೂ ಬೇಡ. ರೆಫ್ರಿಯನ್ನು ಬೈದರೆ ಮಕ್ಕಳು ಅದನ್ನೇ ಕಲಿಯುತ್ತಾರೆ. 'ಆಟ ಚೆನ್ನಾಗಿತ್ತಾ? ಹಸಿವಾಗೈತಾ?' ಈ ಎರಡು ಪ್ರಶ್ನೆ ಸಾಕು. ಉಳಿದದ್ದನ್ನು ಅವರೇ ಹೇಳುತ್ತಾರೆ. ಮಾರ್ಕ್ಸ್ ಕಡಿಮೆ ಬಂದರೆ ಆಟ ಬಿಡಿಸುತ್ತೇನೆ ಎಂಬ ಬೆದರಿಕೆಯೂ ಬೇಡ. ಆಟದ ಸಮಯ ಆಟಕ್ಕೆ, ಓದಿನ ಸಮಯ ಓದಿಗೆ ಎಂದು ಮೊದಲೇ ಮಾತಾಡಿಕೊಂಡರೆ ಎರಡೂ ನಡೆಯುತ್ತವೆ.

ಈ ಬೇಸಿಗೆಯಲ್ಲಿ ನಾವು ಕೆಲವು ತಾಯಂದಿರು ಸೇರಿ ಒಂದು ಕೆಲಸ ಮಾಡಿದೆವು. ಹೊಲಕ್ಕೆ ನೀರು ಬಿಡಲು ರೈತರು ಪಾಳಿ ಹಾಕಿಕೊಳ್ಳುವುದಿಲ್ಲವೇ, ಹಾಗೆ ಮೈದಾನಕ್ಕೆ ಪಾಳಿ. ದಿನಕ್ಕೆ ಇಬ್ಬರು ಪೂರ್ತಿ ಎರಡು ತಾಸು ಅಲ್ಲೇ ಕೂರಬೇಕು. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಮಗುವಿನ ಹೆಸರು, ಹುಟ್ಟಿದ ತಾರೀಖು, ರಕ್ತದ ಗುಂಪು, ಅಲರ್ಜಿ, ಉಬ್ಬಸ ಇದ್ದರೆ ಅದು, ಅಪ್ಪ ಅಮ್ಮನ ಮೊಬೈಲ್ ನಂಬರು. ಒಂದು ಡಬ್ಬಿಯಲ್ಲಿ ಬ್ಯಾಂಡೇಜು, ಓಆರ್‌ಎಸ್. ಥರ್ಮೋಸಿನಲ್ಲಿ ಮಂಜುಗಡ್ಡೆ. ಖರ್ಚು ಬಹಳ ಆಗಲಿಲ್ಲ. ತರಬೇತುದಾರರು ಬೇಸರ ಮಾಡಿಕೊಳ್ಳುತ್ತಾರೇನೋ ಎಂಬ ಅಳುಕಿತ್ತು. ಅವರು "ಮೊದಲ ಮಾಡಬೇಕಿತ್ರಿ ಅಕ್ಕಾರ, ನಾ ಒಬ್ಬ ಎಷ್ಟಂತ ನೋಡ್ಲಿ" ಎಂದರು.

ನನ್ನ ಮಗ ಮತ್ತೆ ಆಡುತ್ತಿದ್ದಾನೆ. ಅತ್ತೆಯವರು ಈಗ ಬೈಯುವುದಿಲ್ಲ. ಬುಧವಾರ ಅವರದೂ ಪಾಳಿ! ಮರದ ಕೆಳಗೆ ಚಾಪೆ ಹಾಕಿಕೊಂಡು, ಯಾವ ಹುಡುಗ ನೀರು ಕುಡಿದಿಲ್ಲ ಎಂದು ಲೆಕ್ಕ ಇಡುತ್ತಾರೆ. ನಿಮ್ಮೂರಿನ ಶಿಬಿರದಲ್ಲೂ ಇಂಥ ಒಂದು ಪಾಳಿ ಯಾಕೆ ಶುರುವಾಗಬಾರದು? ನಾಳೆ ಮಗುವನ್ನು ಮೈದಾನಕ್ಕೆ ಬಿಡಲು ಹೋದಾಗ ಗಾಡಿ ತಿರುಗಿಸುವ ಮುಂಚೆ ಐದು ನಿಮಿಷ ನಿಂತು ಅಲ್ಲಿರುವ ಇನ್ನೊಬ್ಬ ತಾಯಿಯನ್ನು ಕೇಳಿ ನೋಡಿ.